ನೀಲವ್ವ ಡೊಳ್ಳಿನ ಮೇಲೆ ನಿದ್ದೆ ಹೋದ ದಿನ

ಗಾಳಿ, ಮಾಟ, ಮೈಮೇಲೆ ಬರುವುದು ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಎದುರಿಗೇ ಗೇಲಿ ಮಾಡಿ ಜಗಳ ಕಟ್ಟಿಕೊಂಡವನು ನಾನು. ಈಗಲೂ ಅವನ್ನೆಲ್ಲ ನಂಬುತ್ತೇನೆ ಅನ್ನಲಾರೆ. ಆದರೆ ಅರವತ್ತರ ದಶಕದ ಶುರುವಿನಲ್ಲಿ ಬಂಕಾಪುರದ ನಮ್ಮ ಅಕ್ಕನ ಮನೆಯಲ್ಲಿ ಹಾಡಹಗಲೇ ಕಂಡದ್ದನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಅಕ್ಕನ ಮಗಳು ನೀಲವ್ವನಿಗೆ ಆಗ ಆರೇಳು ವರ್ಷ. ಮಾತು ಬಂದಿರಲಿಲ್ಲ. ಒಮ್ಮೊಮ್ಮೆ ಏನಾಗುತ್ತಿತ್ತೋ, ಮುಷ್ಟಿ ಕಟ್ಟಿ ತನ್ನ ಬಲಗಣ್ಣಿಗೆ ತಾನೇ ಗುದ್ದಿಕೊಳ್ಳುತ್ತಿದ್ದಳು. ತಡೆಯಲು ಹೋದವರ ಕೈ ಕಚ್ಚಿ ರಕ್ತ ಬರಿಸುತ್ತಿದ್ದಳು. ಒಡೆದ ಹುಬ್ಬು ಮಾಯುವ ಮೊದಲೇ ಮತ್ತೆ ಒಡೆಯುತ್ತಿತ್ತು. ಹೀಗೇ ಬಿಟ್ಟರೆ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳ ಕೈಗಳನ್ನು ಕಂಬಕ್ಕೆ ಬಿಗಿಯಲು ಭಾವ ದನದ ಹಗ್ಗ ತಂದ ದಿನ, ಅಕ್ಕ ಡೊಳ್ಳಿನ ಭರಮಪ್ಪನಿಗೆ ಹೇಳಿ ಕಳಿಸಿದಳು. ಇಂಥ ಮಕ್ಕಳನ್ನು ಡೊಳ್ಳಿಗೆ ಹಚ್ಚಿ ತಣ್ಣಗೆ ಮಾಡುತ್ತಾನೆಂದು ಅವನಿಗೆ ಹೆಸರಿತ್ತು.

"ಡೊಳ್ಳು ಬಡದ್ರ ಗದ್ಲ ಆಕ್ಕೈತಿ, ಗುಣ ಆಗಂಗಿಲ್ಲ" ಅಂದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

ಭರಮಪ್ಪ ಬಂದಾಗ ಹುಡುಗಿ ಗುದ್ದಿಕೊಳ್ಳುತ್ತಲೇ ಇದ್ದಳು. ಅವನು ಡೊಳ್ಳನ್ನು ನೆಲದ ಮೇಲೆ ಅಡ್ಡ ಇಟ್ಟು, ಅವಳನ್ನು ಅದರ ಮೇಲೆ ಬೋರಲು ಮಲಗಿಸಿದ. ಅಕ್ಕ ಕಾಲು ಹಿಡಿದಳು. ಹುಡುಗಿ ಒಂದು ಗುದ್ದಿದರೆ ಅವನು ಡೊಳ್ಳಿನ ಚರ್ಮಕ್ಕೆ ಕೋಲಿನಿಂದ ಒಂದು ಪೆಟ್ಟು. ಅವಳು ಜೋರಾದರೆ ಅವನೂ ಜೋರು. ಹುಬ್ಬಿನ ರಕ್ತ ಡೊಳ್ಳಿನ ಕಟ್ಟಿಗೆಯ ಮೇಲೆ ಹರಿಯಿತು. ಸಾಕು ನಿಲ್ಲಿಸು ಎಂದು ಭಾವ ಕೂಗಿದ್ದು ಯಾರಿಗೂ ಕೇಳಲಿಲ್ಲ. ಆಮೇಲೆ ಯಾವಾಗಲೋ ಪೆಟ್ಟು ಅವನದು ಮುಂದಾಯಿತು, ಅವಳ ಕೈ ಹಿಂದಾಯಿತು. ಅವನು ನಿಧಾನ ಮಾಡಿದ, ಅವಳೂ ನಿಧಾನವಾದಳು. ಮುಷ್ಟಿ ಬಿಚ್ಚಿತು. ಅಂಗೈಯಿಂದ ಡೊಳ್ಳನ್ನು ತಟ್ಟುತ್ತ ತಟ್ಟುತ್ತ ಹಾಗೇ ನಿದ್ದೆ ಹೋದಳು.

ಅಕ್ಕ ಅವನ ಕೈ ಹಿಡಿದುಬಿಟ್ಟಳು. "ಮಲಗ್ಯಾಳ. ನಿಲ್ಲಸಪ್ಪಾ."

"ಕಡೀ ಪೆಟ್ಟು ಬಾಕಿ ಅದಾವ್ರಿ ಯವ್ವಾ. ಮುಗಸದ ಇಳಸಬಾರ್ದು."

ಎಷ್ಟೋ ದಿನದಿಂದ ಕಣ್ಣು ಮುಚ್ಚದ ಕೂಸು. ತಾಯಿಗೆ ತಾಳವೆಲ್ಲಿ, ಮುಗಿತಾಯವೆಲ್ಲಿ? ಎತ್ತಿಕೊಂಡು ಒಳಗೆ ಹೋದಳು. ಭರಮಪ್ಪ ಎದ್ದು ನಿಂತ. ಅವನ ಬಲಹುಬ್ಬು ಬಿರಿದು ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. ಕೋಲು ತಾಗಿರಬೇಕು ಎನ್ನಲು ಬಾಯಿ ತೆರೆದೆ. ಆದರೆ ನಾನು ಎದುರಿಗೇ ಕುಳಿತಿದ್ದೆ. ಕೋಲು ಅವನ ಎದೆಗಿಂತ ಮೇಲೆ ಹೋಗಿರಲಿಲ್ಲ.

ನೀಲವ್ವ ಮತ್ತೆಂದೂ ಗುದ್ದಿಕೊಳ್ಳಲಿಲ್ಲ. ಶಿಗ್ಗಾಂವಿ ಸಂತೆಗೆ ಹೋಗುತ್ತ ನಾನು ಇನ್ನೊಮ್ಮೆ ಅಕ್ಕನ ಮನೆಗೆ ಹೋದಾಗ ಭರಮಪ್ಪನ ಹೆಂಡತಿ ಬಾಗಿಲಿಗೆ ಬಂದಳು.

"ನಮ್ಮವರು ತಮ್ಮ ಮಾರಿಗೆ ತಾವ ಗುದ್ದಿಕೊಳ್ಳಾಕತ್ತಾರ್ರಿ. ಒಂದು ಕಣ್ಣು ಹೋತು. ಕೂಸಿನ್ನ ಒಮ್ಮೆ ಡೊಳ್ಳಿನ ಮ್ಯಾಲ ಮಲಗಸ್ರಿ, ಉಳದ ಪೆಟ್ಟು ಬಾರಿಸಿ ಮುಗಸ್ತಾರ."

ಅಕ್ಕನ ಮುಖ ಬಿಳಿಚಿತು. ಮಗಳನ್ನು ಎಳೆದು ಸೆರಗಿನೊಳಗೆ ಒತ್ತಿಕೊಂಡಳು. ನಾನು ಎಂದಿನ ಧೈರ್ಯದಲ್ಲಿ, "ಕಳಸಕ್ಕಾ, ಅದರಾಗೇನೈತಿ? ಏನೂ ಆಗಂಗಿಲ್ಲ" ಅಂದೆ.

ಅಕ್ಕ ನನ್ನ ಕಡೆ ತಿರುಗಿದಳು. "ಏನೂ ಆಗಂಗಿಲ್ಲಂದ್ರ ಆ ಮನಶಾನ ಕಣ್ಣು ಹೆಂಗ ಹೋತು? ಹೇಳು."

ಆ ಹೆಂಗಸೂ ಹೊಸ್ತಿಲಾಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸಂತೆಯ ಚೀಲ ಹೆಗಲಿಗೇರಿಸಿ, ಅವಳ ಪಕ್ಕದಿಂದ ಹಾದು ಬೀದಿಗಿಳಿದೆ.