ಕೌಸಲ್ಯಾ ಮತ್ತು ಮೂವತ್ತು ಲೀಟರಿನ ಮಿತಿ

ಬಾಟಲಿಯ ಮೇಲಿನ ಚೀಟಿ ಓದದೆ ಕೌಸಲ್ಯಾ ಅದನ್ನು ಕಪಾಟಿನಲ್ಲಿ ಇಟ್ಟವಳೇ ಅಲ್ಲ. ಗದಗಿನ ಕಡೆಯವಳು. ಬಿ.ಎ. ಮುಗಿಸಿ ಕೇಂದ್ರ ಸರ್ಕಾರದ ನೌಕರಿಗೆ ಸೇರಿ, ಊರಿಂದೂರಿಗೆ ವರ್ಗವಾಗುತ್ತ, ನಲವತ್ತೇಳನೆಯ ವಯಸ್ಸಿಗೆ ತಿರುವನಂತಪುರಕ್ಕೆ ಬಂದಿದ್ದಳು. ನಗರದ ಹೊರಗೆ, ಮಸಾಲೆ ಪದಾರ್ಥಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಸ್ಟೋರ್ ಕೀಪರ್ ಕೆಲಸ. ಗಂಡ ಹೃಷಿಕೇಶ್ ಕೊಚ್ಚಿಯಲ್ಲಿ ಬ್ಯಾಂಕ್ ಮ್ಯಾನೇಜರ್. ನಗರದ ಶ್ರೀಕಾರ್ಯಂ ಬಡಾವಣೆಯ ಬಾಡಿಗೆ ಮನೆಯಲ್ಲಿ ಅವಳೂ ಕಾಲೇಜಿಗೆ ಹೋಗುವ ಮಗಳೂ ಇಬ್ಬರೇ.

ರಸಾಯನಶಾಸ್ತ್ರ ಅವಳು ಓದಿದ್ದಲ್ಲ. ಹಾಗಾಗಿಯೇ ಇರಬೇಕು, ಚೀಟಿಯ ಮೇಲಿನ ಪ್ರತಿಯೊಂದು ಗುರುತೂ ಅವಳಿಗೆ ಬಿಡಿಸಬೇಕಾದ ಒಗಟಿನಂತೆ ಕಾಣುತ್ತಿತ್ತು. ಬೆಂಕಿಯ ಚಿತ್ರ ಯಾಕೆ, ಇದನ್ನು ಅದರ ಪಕ್ಕದಲ್ಲಿ ಇಡಬಾರದೆಂದರೆ ಯಾಕೆ ಎಂದು ಸಿಕ್ಕವರನ್ನೆಲ್ಲ ಕೇಳುವಳು. ಕೆಲವರು ಹೇಳುತ್ತಿದ್ದರು, ಕೆಲವರು ಗಡಿಯಾರ ನೋಡುತ್ತಿದ್ದರು.

ಪ್ರಯೋಗಾಲಯಕ್ಕೆ ಹೊಸ ಕಟ್ಟಡವೊಂದು ಎದ್ದು ನಿಂತಾಗ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕಾಯಿತು. ಛಾವಣಿಯುದ್ದಕ್ಕೂ ಕೆಂಪು ಬಣ್ಣದ ಪೈಪು ಹಾದುಹೋಗಿ, ಬೆಂಕಿ ಬಿದ್ದರೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಹತ್ತಡಿಗೊಂದರಂತೆ ತೂಗುತ್ತಿತ್ತು. ಕಟ್ಟಡ ತೆರೆಯುವ ಮೊದಲೇ ಸ್ಟೋರ್ಸ್ ಮಾತ್ರ ಅಲ್ಲಿಗೆ ಬಂದಿತ್ತು. ತಪಾಸಣೆಗೆ ಬಂದ ಅಧಿಕಾರಿ ಷಾಜಹಾನ್ ಮೆಲುಮಾತಿನ ಮನುಷ್ಯ. ಎಲ್ಲವನ್ನೂ ಸುತ್ತಿ ನೋಡಿ, ಕೊನೆಗೆ ಕೌಸಲ್ಯಾಳ ಮೇಜಿನ ಮುಂದೆ ಕುಳಿತು ಇಂಗ್ಲಿಷಿನಲ್ಲಿ ಕೇಳಿದರು.

"ಹೆಕ್ಸೇನ್ ಎಷ್ಟಿದೆ ಮೇಡಂ?"

"ಇಪ್ಪತ್ತಾರು ಲೀಟರ್," ಎಂದಳು ರಿಜಿಸ್ಟರ್ ನೋಡಿ. ಹೆಕ್ಸೇನ್ ಎಂದರೆ ಪೆಟ್ರೋಲಿನ ಹಾಗೆ ಥಟ್ಟನೆ ಹೊತ್ತಿಕೊಳ್ಳುವ ದ್ರವ.

"ಇದು ಸ್ಟೋರ್ಸಿನ ಲೆಕ್ಕ. ನಾನು ಕೇಳಿದ್ದು ಇಡೀ ಆವರಣದ್ದು. ಈ ವರ್ಗದ್ದು ಒಟ್ಟು ಮೂವತ್ತು ಲೀಟರ್ ದಾಟಿದರೆ ಸ್ಫೋಟಕ ಇಲಾಖೆಯ ಲೈಸೆನ್ಸ್ ಬೇಕು. ಒಳಗೆ ಎಲ್ಲೆಲ್ಲಿ ಎಷ್ಟೆಷ್ಟು ಇದೆ ಅಂತ ಪಟ್ಟಿ ಕೊಡಿ, ಮುಂದಿನದು ಆಮೇಲೆ."

ಅವರು ಹೋದ ಮೇಲೆ ಕೌಸಲ್ಯಾ ರಿಜಿಸ್ಟರಿನ ಹಳೆಯ ಪುಟಗಳನ್ನು ತಿರುವಿದಳು. ಬಾಟಲಿ ಸ್ಟೋರ್ಸಿನ ಬಾಗಿಲು ದಾಟಿದ ಕೂಡಲೇ ರಿಜಿಸ್ಟರಿನಲ್ಲಿ 'ಕೊಟ್ಟಾಯಿತು' ಎಂದು ಬೀಳುತ್ತಿತ್ತು. ಆಮೇಲೆ ಅದು ಎಲ್ಲಿರುತ್ತದೆ? ಇಷ್ಟು ವರ್ಷ ಈ ಪ್ರಶ್ನೆ ತನಗೆ ಯಾಕೆ ಹೊಳೆಯಲಿಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಮರುದಿನ ಒಂದು ನೋಟ್‌ಬುಕ್ ಹಿಡಿದು ಪ್ರಯೋಗಾಲಯದ ಕೋಣೆಗಳನ್ನು ಒಂದೊಂದಾಗಿ ಹೊಕ್ಕಳು. ಸಿಂಕಿನ ಕೆಳಗೆ ಎರಡು ಬಾಟಲಿ, ಕಿಟಕಿಯ ಅಂಚಿನಲ್ಲಿ ಬಿಸಿಲಿಗೆ ಮೈಯೊಡ್ಡಿಕೊಂಡ ಒಂದು, ಹಳೆಯ ಫೈಲುಗಳ ಹಿಂದೆ ನಾಲ್ಕು. ಅತಿ ಹೆಚ್ಚು ಸಿಕ್ಕಿದ್ದು ಪುತ್ತೂರಿನ ಕಡೆಯ ವಿಜ್ಞಾನಿ ಡಾಕ್ಟರ್ ವಾಮನರ ಕೋಣೆಯಲ್ಲಿ. ಮನೆಗಳಲ್ಲಿ ಇಡುವಂಥ ಸಾಧಾರಣ ಫ್ರಿಜ್. ತೆರೆದರೆ ಹಾಲು ಮೊಸರಿನ ಜಾಗದಲ್ಲೆಲ್ಲ ಹೆಕ್ಸೇನ್.

"ಎಂತ ಮಾಡುದು ಮಾರಾಯ್ರೆ?" ವಾಮನರ ಮುಖ ಕೆಂಪಾಯಿತು. "ಬೇಕು ಅಂತ ಬರೆದು ಕೊಟ್ರೆ ಮೂರು ತಿಂಗಳು ಕಾಯ್ಬೇಕು. ಕೆಲಸ ನಿಲ್ಲಿಸ್ಲಿಕ್ಕೆ ಆಗ್ತದಾ? ನೀವೀಗ ಕಂಪ್ಲೇಂಟ್ ಕೊಡ್ಲಿಕ್ಕೆ ಬಂದದ್ದಾ?"

"ಇಲ್ರೀ ಸರ್. ಇದರಿಂದ ಏನ್ ಮಾಡ್ತೀರಿ, ಅದನ್ನ ತೋರಸ್ರಿ."

ವಾಮನರು ಫ್ರಿಜ್ಜಿನ ಬಾಗಿಲು ಮುಚ್ಚಿದರು. ಆಮೇಲೆ ಒಂದು ಗಾಜಿನ ಉಪಕರಣದ ಮುಂದೆ ಕರೆದುಕೊಂಡು ಹೋದರು. ಒಳಗೆ ಪುಡಿ ಮಾಡಿದ ಬ್ಯಾಡಗಿ ಮೆಣಸಿನಕಾಯಿ. ಹೆಕ್ಸೇನ್ ಆವಿಯಾಗಿ ಮೇಲೇರಿ, ತಣ್ಣಗಾಗಿ ಹನಿಹನಿಯಾಗಿ ಆ ಪುಡಿಯ ಮೇಲೆ ಬೀಳುತ್ತಿತ್ತು. ಕೆಳಗಿಳಿಯುವಾಗ ದಾಸವಾಳದಂಥ ಕೆಂಪನ್ನು ಹೊತ್ತು ತರುತ್ತಿತ್ತು. ಹುಟ್ಟಿದಾಗಿನಿಂದ ಬ್ಯಾಡಗಿ ಮೆಣಸಿನಕಾಯಿ ಕಂಡಿದ್ದವಳು ಅದರೊಳಗಿನ ಬಣ್ಣವನ್ನು ಹೀಗೆ ಬೇರೆಯಾಗಿ ಕಂಡಿರಲಿಲ್ಲ. ಅರ್ಧ ಗಂಟೆ ನಿಂತೇ ನೋಡಿದಳು. ಹೊರಡುವಾಗ ವಾಮನರು ತಾವಾಗಿಯೇ ಮೇಜಿನ ಕೆಳಗಿದ್ದ ಇನ್ನೂ ಮೂರು ಬಾಟಲಿ ತೋರಿಸಿದರು.

ಒಟ್ಟು ಎಪ್ಪತ್ತೊಂದು ಲೀಟರ್ ಆಯಿತು.

ಪಟ್ಟಿ ತಯಾರಾದರೂ ಇನ್ನೊಂದು ವಿಷಯ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಮೇಲೆ ತೂಗುವ ಆ ಸ್ಪ್ರಿಂಕ್ಲರಿನ ಮಧ್ಯೆ ಒಂದು ಪುಟ್ಟ ಗಾಜಿನ ಕೊಳವೆ, ಅದರೊಳಗೆ ಕೆಂಪು ದ್ರವ. ಅದು ಬೆಂಕಿಯನ್ನು ಹೇಗೆ ಗುರುತಿಸುತ್ತದೆ? ಒಂದು ಒಡೆದರೆ ಎಲ್ಲವೂ ಒಡೆಯುತ್ತವೆಯೇ? ಸಿನಿಮಾಗಳಲ್ಲಿ ಹಾಗೇ ತೋರಿಸುತ್ತಾರಲ್ಲ. ರಾತ್ರಿಯ ಫೋನಿನಲ್ಲಿ ಹೃಷಿಕೇಶನ ಮುಂದೆಯೂ ಅದೇ ಮಾತು.

"ಈ ಶನಿವಾರ ನಾ ಬರೋದು ಬ್ಯಾಡ, ನೀನ ಇಲ್ಲಿಗೆ ಬಾ," ಎಂದ ಅವನು ನಗುತ್ತ. "ನಮ್ಮ ಬ್ಯಾಂಕಿಗೆ ಬರೋ ಉಪೇಂದ್ರ ಅಂತ ಒಬ್ರು ಅದಾರ. ಗೋದಾಮಿನ ಮೇಂಟೆನೆನ್ಸ್ ಅವರದ. ನಿನ್ನ ಪ್ರಶ್ನಿ ಅವರ ತಲಿಗೆ ಕಟ್ಟತೀನಿ."

ಹಾಗೆ ಶನಿವಾರ ಅವರಿಬ್ಬರೂ ಬೋಟಿನಲ್ಲಿ ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿಗೆ, ಆ ಗೋದಾಮಿಗೆ ಹೋದರು. ಉಪೇಂದ್ರ ಕಾಸರಗೋಡಿನವರು, ಐವತ್ತರ ಆಚೀಚೆ. ಗೋದಾಮಿನಲ್ಲಿ ಆ ವಾರ ಹಳೆಯ ಸ್ಪ್ರಿಂಕ್ಲರುಗಳನ್ನು ಬದಲಿಸುತ್ತಿದ್ದರು. ತೆಗೆದಿಟ್ಟ ಒಂದನ್ನು ಅಂಗಳದ ಪರೀಕ್ಷೆಯ ಪೈಪಿಗೆ ತಿರುಗಿಸಿ ಕೂರಿಸಿ, ನೀರು ಬಿಟ್ಟು, ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಉರಿಯನ್ನು ಅದರ ಹತ್ತಿರ ಹಿಡಿದರು.

"ಸ್ವಲ್ಪ ಹಿಂದೆ ನಿಲ್ಲಿ ಅಕ್ಕ. ಅರವತ್ತೆಂಟು ಡಿಗ್ರಿ ಬಿಸಿ ಆದ್ರೆ ಒಳಗಿನ ದ್ರವ ಉಬ್ಬಿ ಗಾಜು ಒಡೀತದೆ."

ಕೌಸಲ್ಯಾ ದೊಡ್ಡ ಸದ್ದಿಗೆ ಕಾದು ಕಿವಿ ಮುಚ್ಚಿಕೊಂಡಿದ್ದಳು. ಬಂದದ್ದು ಬಳೆ ಒಡೆದಷ್ಟೇ ಸದ್ದು. ಮರುಕ್ಷಣ ನೀರು ಕೊಡೆ ಬಿಚ್ಚಿದ ಹಾಗೆ ಸುತ್ತಲೂ ಹರಡಿ ಬಿತ್ತು. ಹೃಷಿಕೇಶನ ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನ ತನಕ ತೊಯ್ದಿತು.

"ಹಂಗಾರ ಬಾಜೂದ್ದು ಒಡೆಯೂದಿಲ್ಲೇನ್ರೀ?"

"ಇಲ್ಲ. ಯಾವುದಕ್ಕೆ ಬಿಸಿ ತಾಗ್ತದೋ ಅದು ಮಾತ್ರ."

"ಕೆಳಗ ಇಟ್ಟ ಸಾಮಾನಿಗೆ ನೀರು ತಾಗಬಾರದು ಅಂತ ಇದ್ರ?"

ಉಪೇಂದ್ರ ನೀರು ನಿಲ್ಲಿಸಿ ಕೈ ಒರೆಸಿಕೊಂಡರು. "ಅಂಥದ್ದು ನಾವು ಒಳಗೆ ತೆಕ್ಕೊಳ್ಳುದೇ ಇಲ್ಲ. ಕೆಲವು ಸಾಮಾನಿಗೆ ಬೆಂಕಿಗಿಂತ ನೀರಿನದ್ದೇ ಹೆದರಿಕೆ. ಲಾರಿ ಬಂದ್ರೆ ಹಾಗೆಯೇ ವಾಪಸ್. ಯಾಕೆ ಅಕ್ಕ, ನಿಮ್ಮಲ್ಲಿ ಉಂಟಾ?"

ಕೌಸಲ್ಯಾ ಇನ್ನೂ ಹನಿಯುತ್ತಿದ್ದ ಸ್ಪ್ರಿಂಕ್ಲರನ್ನು ನೋಡಿದಳು. ಸ್ಟೋರ್ಸಿನ ಮೂರನೆಯ ಕಪಾಟು ಕಣ್ಣ ಮುಂದೆ ಬಂದಿತ್ತು. ಅಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ, ನೀರು ತಾಗಿದರೆ ಹೊತ್ತಿ ಸಿಡಿಯುವ ಸೋಡಿಯಂ ತುಂಡುಗಳ ಎರಡು ಜಾಡಿಗಳಿದ್ದವು. 'ನೀರಿನಿಂದ ದೂರವಿಡಿ' ಎಂಬ ಚೀಟಿಯನ್ನು ಓದಿಯೇ ಅವುಗಳನ್ನು ಸಿಂಕಿನಿಂದ ದೂರದಲ್ಲಿ ಇಟ್ಟಿದ್ದಳು. ತಲೆಯ ಮೇಲೆ ಏನಿದೆ ಎಂದು ಮಾತ್ರ ನೋಡಿರಲಿಲ್ಲ.

ಸೋಮವಾರ ಬಾಗಿಲು ತೆರೆದವಳೇ ಕಪಾಟಿನ ಪಕ್ಕ ನಿಂತು ಕತ್ತೆತ್ತಿದಳು. ನೇರ ಮೇಲೆಯೇ ಸ್ಪ್ರಿಂಕ್ಲರ್. ಷಾಜಹಾನರಿಗೆ ಫೋನು ಮಾಡಿದಳು. ಅವರು ಕಡತ ತರಿಸಿ ನೋಡಿದರು.

"ನಮಗೆ ಕೊಟ್ಟ ನಕ್ಷೆಯಲ್ಲಿ ಆ ಕೋಣೆಗೆ 'ಸಾಮಾನ್ಯ ಉಗ್ರಾಣ' ಅಂತ ಬರೆದಿದೆ ಮೇಡಂ," ಎಂದರು ಆಮೇಲೆ. "ಮಧ್ಯಾಹ್ನ ಬರುತ್ತೇನೆ. ಅಲ್ಲಿಯವರೆಗೆ ಆ ಜಾಡಿಗಳನ್ನು ಹಳೆಯ ಕಟ್ಟಡದ ಒಣ ಕೋಣೆಗೆ ಸಾಗಿಸಿ. ಜಾಗ್ರತೆ."

ವಾಮನರೇ ಕನ್ನಡಕ, ಕೈಗವಸು ಹಾಕಿಕೊಂಡು ಬಂದು ಜಾಡಿಗಳನ್ನು ಒಂದೊಂದಾಗಿ ಹೊತ್ತರು. ಕೌಸಲ್ಯಾ ಮುಂದೆ ಮುಂದೆ ಬಾಗಿಲು ತೆರೆಯುತ್ತ ನಡೆದಳು.

ನಕ್ಷೆ ತಿದ್ದಬೇಕಾಯಿತು. ಸೋಡಿಯಂನಂಥವಕ್ಕೆ ನೀರಿನ ಪೈಪು ಹಾಯದ ಪುಟ್ಟ ಕೋಣೆ, ಅಲ್ಲಿ ಒಣ ಮರಳು, ಒಣ ಪುಡಿಯ ಅಗ್ನಿಶಾಮಕ. ಹೆಕ್ಸೇನಿಗೆ ಹಿತ್ತಲಿನಲ್ಲಿ ಗಾಳಿಯಾಡುವ ಪ್ರತ್ಯೇಕ ಶೆಡ್ಡು, ಅದಕ್ಕೆ ಲೈಸೆನ್ಸಿಗೆ ಅರ್ಜಿ. ಅದು ಕೈಗೆ ಬರುವವರೆಗೆ ಮೂವತ್ತು ಲೀಟರಿನೊಳಗೇ ಎಲ್ಲರೂ ಹೊಂದಿಸಿಕೊಳ್ಳಬೇಕು. ಹೆಚ್ಚಿನದನ್ನು ಲೈಸೆನ್ಸ್ ಇದ್ದ ಸರಬರಾಜುದಾರನೇ ಹಿಂದಕ್ಕೆ ಒಯ್ದ. ಹೊಸ ಕಟ್ಟಡ ತೆರೆಯುವುದು ಐದು ತಿಂಗಳು ಮುಂದೆ ಹೋಯಿತು. ಕ್ಯಾಂಟೀನಿನಲ್ಲಿ ಅವಳು ಬಂದರೆ ಕೆಲವರು ಮಾತು ನಿಲ್ಲಿಸುತ್ತಿದ್ದರು. "ಕೇಳದೇ ಇದ್ದಿದ್ದರೆ ಇಷ್ಟೊತ್ತಿಗೆ ಒಪ್ಪಿಗೆ ಬಂದಿರುತ್ತಿತ್ತು," ಎಂದು ಒಬ್ಬರು ಎದುರಿಗೇ ಹೇಳಿದರು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ವಾಮನರು ತಟ್ಟೆ ಹಿಡಿದು ಎದುರು ಬಂದು ಕುಳಿತರು. "ಅವರು ಹೇಳ್ಲಿ ಬಿಡಿ. ಆ ಜಾಡಿ ಬೇಕು ಅಂತ ಬರೆದು ಕೊಟ್ಟದ್ದು ನಾನು. ಮೇಲೆ ನೋಡ್ಬೇಕಾದ್ದು ನಾನೇ ಅಲ್ವಾ?"

ಒಪ್ಪಿಗೆಪತ್ರ ಬಂದದ್ದು ಓಣಂ ರಜೆ ಮುಗಿದ ವಾರ. ಅದನ್ನು ಕೊಡಲು ಬಂದ ಷಾಜಹಾನ್, ಅಗ್ನಿಶಾಮಕ ಇಲಾಖೆ ಊರಿನವರನ್ನೂ ಸ್ವಯಂಸೇವಕರಾಗಿ ಸೇರಿಸಿಕೊಂಡು ತರಬೇತಿ ಕೊಡುತ್ತದೆ, ಬರುತ್ತೀರಾ ಎಂದು ಕೇಳಿದರು. ಕೌಸಲ್ಯಾ ಅಲ್ಲೇ ಹೆಸರು ಬರೆಸಿದಳು.

ಮೊದಲ ಭಾನುವಾರ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ನಾಲ್ವರು ಹೆಂಗಸರ ಕೈಗೆ ಒಂದು ದಪ್ಪ ಹೋಸ್ ಪೈಪು ಕೊಟ್ಟರು. ನೀರು ಬಿಟ್ಟದ್ದೇ ತಡ, ಪೈಪು ಜೀವ ಬಂದ ಹಾಗೆ ಸೆಟೆದು ನಾಲ್ವರನ್ನೂ ಹಿಂದಕ್ಕೆ ತಳ್ಳಿತು. ಕೌಸಲ್ಯಾ ಕೆಸರಿನಲ್ಲಿ ಕುಳಿತೇಬಿಟ್ಟಳು. ಮನೆಗೆ ಬಂದವಳ ಅವತಾರ ಕಂಡು ಮಗಳು "ಅಯ್ಯೋ ಅಮ್ಮೇ!" ಎಂದು ಬಾಯಿ ಮುಚ್ಚಿಕೊಂಡಳು. ಫೋನಿನಲ್ಲಿ ಹೃಷಿಕೇಶ್ ಪೆಟ್ಟಾಯಿತೇ ಎಂದು ಗಾಬರಿಯಿಂದ ಕೇಳಿದ.

"ಪೆಟ್ಟು ಏನೂ ಇಲ್ರೀ," ಎಂದಳು ಕೌಸಲ್ಯಾ, ಇನ್ನೂ ಏದುಸಿರಿನಲ್ಲೇ. "ನೀರಿಗೆ ಅಷ್ಟು ಕಸುವು ಎಲ್ಲಿಂದ ಬರತೈತಿ ಅಂತ? ಪಂಪ್ ತೋರಸ್ರಿ ಅಂದೀನಿ. ಮುಂದಿನ ಭಾನುವಾರ ಬಿಚ್ಚಿ ತೋರಸ್ತಾರಂತ."