ಸಪ್ಪಳ ಅಲ್ಲ, ಪೆಟ್ಟು

ನಮ್ಮ ಧಾರವಾಡದಲ್ಲಿ ಕಿವಿ ಇಲ್ಲದ ಮನುಷ್ಯ ಸಿಗುವುದಿಲ್ಲ. ಹಾಡಲು ಬರದವನಿಗೂ ಇಲ್ಲಿ ಕಿವಿ ಇರುತ್ತದೆ, ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇರುತ್ತದೆ. ಸಂಗೀತದ ಬೈಠಕ್ಕುಗಳಲ್ಲಿ ಮುಂದಿನ ಸಾಲು ಹಿಡಿದು, ಕಣ್ಣು ಮುಚ್ಚಿ, ತಂಬೂರಿ ಒಂದೆಳೆ ಇಳಿದಿದೆ ಎಂದು ಪಕ್ಕದವನ ಕಡೆ ಹುಬ್ಬು ಹಾರಿಸುವ ಜನ ನಾವು. ಮೂವತ್ತು ವರ್ಷ ನಾನೂ ಆ ಸಾಲಿನಲ್ಲಿ ಕೂತು ಹುಬ್ಬು ಹಾರಿಸಿದ್ದೇನೆ. ಹೀಗಾಗಿ ನನ್ನ ಹಳೆಯ ಕಾರಿನಲ್ಲಿ ಎಲ್ಲೋ ಸಪ್ಪಳ ಶುರುವಾದಾಗ, ಅದರ ಮೂಲ ಹುಡುಕಲು ಇಷ್ಟು ಒಳ್ಳೆಯ ಕಿವಿ ಸಾಕು ಎಂದು ನಾನು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಮೂರ್ಖತನ ಇತ್ತು, ಆಶ್ಚರ್ಯ ಇರಲಿಲ್ಲ.

ಕಾರಿಗೆ ಆಗ ಹದಿನೇಳು ವರ್ಷ. ಸಣ್ಣ ಕಾರು, ಬಣ್ಣ ಮಾಸಿದೆ, ಹಿಂದಿನ ಒಂದು ಕಿಟಕಿ ಇಳಿಯುವುದಿಲ್ಲ. ಅದಕ್ಕೆ ವಾರದಲ್ಲಿ ಒಂದೇ ದೊಡ್ಡ ಕೆಲಸ. ಪ್ರತಿ ರವಿವಾರ ಮಾಳಮಡ್ಡಿಯ ನಮ್ಮ ಮನೆಯಿಂದ ಅವ್ವನನ್ನು ಕೂಡಿಸಿಕೊಂಡು ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೋಗುವುದು. ಅಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ, ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ಅವ್ವನಿಗೆ ಎಂಬತ್ತೆರಡು. ಸೊಂಟದ ಕೀಲು ಮುರಿದು ರಾಡು ಹಾಕಿಸಿಕೊಂಡವಳು, ಬಸ್ಸು ಹತ್ತಲಾರಳು. ಕಿವಿಯಂತೂ ಹತ್ತು ವರ್ಷದಿಂದ ಪೂರ್ತಿ ಹೋಗಿದೆ. ಕಿವಿಗೆ ಇಡುವ ಮಷೀನು ಪೆಟ್ಟಿಗೆಯಲ್ಲೇ ಇದೆ, ಅದನ್ನು ಹಾಕಿಕೊಂಡರೆ ಊರೆಲ್ಲ ಒಮ್ಮೆಲೇ ಒದರಿದ ಹಾಗೆ ಆಗುತ್ತದಂತೆ. ದೊಡ್ಡವ್ವನ ಕಿವಿ ಚುರುಕು, ಆದರೆ ದನಿ ಬತ್ತಿಹೋಗಿದೆ, ಬಾಯಿಯ ಹತ್ತಿರ ಬಗ್ಗಿದರೆ ಮಾತ್ರ ಕೇಳುತ್ತದೆ. ಒಬ್ಬಳು ಮಾತಾಡಲಾರಳು, ಇನ್ನೊಬ್ಬಳು ಕೇಳಲಾರಳು. ನಡುವೆ ನಾನು ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ದೊಡ್ಡವ್ವನ ಮಾತು ಬರೆದು ಅವ್ವನಿಗೆ ತೋರಿಸುತ್ತೇನೆ. ಉಳಿದ ಹೊತ್ತು ಇಬ್ಬರೂ ಕೈ ಹಿಡಿದು ಕೂತಿರುತ್ತಾರೆ. ಆ ಎರಡು ತಾಸಿಗಾಗಿ ಇಬ್ಬರೂ ವಾರವಿಡೀ ಕಾಯುತ್ತಾರೆ.

ಒಂದು ರವಿವಾರ ಹಂಪ್ ಇಳಿಯುವಾಗ ಅವ್ವ ಎಂದಳು: ‘ಪೆಟ್ಟು ಬೀಳಲಿಕ್ಕತ್ತದ.’

ನನಗೆ ಏನೂ ಕೇಳಿಸಲಿಲ್ಲ. ಕೈ ಆಡಿಸಿ ಏನಿಲ್ಲ ಎಂದೆ. ಎರಡು ವಾರದ ಮೇಲೆ ನನಗೂ ಒಂದು ‘ಟಕ್’ ಕೇಳಿಸಿತು. ಆಗ ಅದು ನನ್ನ ಸ್ವಂತ ಸಂಶೋಧನೆಯಾಯಿತು. ಕಿವಿ ಕೇಳದ ಮುದುಕಿ ಮೊದಲೇ ಹೇಳಿದ್ದಳು ಎಂಬುದು ನೆನಪಿಗೂ ಬರಲಿಲ್ಲ.

ನಮ್ಮ ಪಕ್ಕದ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು. ಹರೆಯದಲ್ಲಿ ನಾಲ್ಕು ವರ್ಷ ತಬಲಾ ಕಲಿತಿದ್ದಾರೆ, ಅದನ್ನು ನಲವತ್ತು ವರ್ಷದಿಂದ ಹೇಳುತ್ತಿದ್ದಾರೆ. ಸಪ್ಪಳದ ಸುದ್ದಿ ಕೇಳಿದ್ದೇ ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಕೆಲಗೇರಿ ಕೆರೆಯ ತನಕ ಹೋಗಿ ತಿರುಗಿ ಬರುವವರೆಗೂ ಕಣ್ಣು ಬಿಡಲಿಲ್ಲ. ತೊಡೆಯ ಮೇಲೆ ಬೆರಳು ಆಡುತ್ತಿತ್ತು.

‘ಇದು ತಬಲಾದ ನಾ ಅಲ್ಲರಿ, ಡಗ್ಗಾದ ಘೆ ಅದ,’ ಎಂದರು. ‘ಖರ್ಜದೊಳಗ, ದಪ್ಪ ದನೀಲೆ ಬರಲಿಕ್ಕತ್ತದ. ಅಂದ್ರ ಹಿಂದಿಂದು. ಶಾಕಬ್ಸರ್ ಹೋಗ್ಯಾವ, ಬರಕೊಳ್ರಿ.’

ಅದು ಘೆ ಅಲ್ಲ, ನಾ ಎಂದು ನಾನು ವಾದ ಹಾಕಿದೆ. ಅರ್ಧ ತಾಸು ಗೇಟಿನ ಮುಂದೆ ನಿಂತು ಇಬ್ಬರು ವಯಸ್ಸಾದ ಗಂಡಸರು ಬಾಯಿಂದ ತಬಲಾ ಬಾರಿಸಿದೆವು. ಇಬ್ಬರಲ್ಲಿ ಒಬ್ಬರಿಗೂ ಬಗ್ಗಿ ಗಾಲಿಯ ಹಿಂದೆ ಏನಿದೆ ಎಂದು ನೋಡುವ ಬುದ್ಧಿ ಬರಲಿಲ್ಲ. ಬಗ್ಗುವುದು ಮೆಕ್ಯಾನಿಕ್ಕುಗಳ ಕೆಲಸ, ನಾವು ರಸಿಕರು.

ಕೊನೆಗೆ ಹಿಂದಿನ ಶಾಕಬ್ಸರ್ ಎರಡೂ ಹೊಸವು ಬಂದವು. ಸಪ್ಪಳ ಇದ್ದಲ್ಲೇ ಇತ್ತು. ಹುಬ್ಬಳ್ಳಿಯ ಒಂದು ಗ್ಯಾರೇಜಿನವನು ಫೋನಿನಲ್ಲಿ ಮಾತಾಡುತ್ತಲೇ ನನ್ನ ಕಾರು ಓಡಿಸಿಕೊಂಡು ಒಂದು ಸುತ್ತು ಹೋಗಿಬಂದು, ಫೋನು ಕಿವಿಯಿಂದ ತೆಗೆಯದೇ ‘ಲಿಂಕ್ ರಾಡ್’ ಎಂದ. ಯಾವ ಕಿವಿಯಿಂದ ಸಪ್ಪಳ ಕೇಳಿದನೋ ನನಗಿನ್ನೂ ಗೊತ್ತಾಗಿಲ್ಲ. ಲಿಂಕ್ ರಾಡೂ ಹೊಸದಾಯಿತು. ಆಮೇಲೆ ಗಾಜಿನ ಗೋಡೆಯ ದೊಡ್ಡ ಸರ್ವೀಸ್ ಸೆಂಟರು. ಅಲ್ಲಿ ಟೈ ಕಟ್ಟಿದವನೊಬ್ಬ ನನ್ನನ್ನು ತಂಪು ಕೋಣೆಯಲ್ಲಿ ಕೂಡಿಸಿ, ಕಾರನ್ನು ಒಬ್ಬನೇ ಓಡಿಸಿಕೊಂಡು ಹೋಗಿ, ಒಂದು ಛಾಪಿಸಿದ ಹಾಳೆ ತಂದ. ಗ್ರಾಹಕರು ಹೇಳಿದ ದೂರು ಕಂಡುಬಂದಿಲ್ಲ ಎಂದು ಅದರಲ್ಲಿತ್ತು.

‘ಗಾಡಿಗೆ ಏಜ್ ಆಗೇದ್ರಿ ಸರ,’ ಎಂದ. ‘ಎಕ್ಸ್‌ಚೇಂಜ್ ಆಫರ್ ನೋಡ್ತೀರೇನು?’

ಏಜ್ ನನಗೂ ಆಗಿತ್ತು. ಅವನು ನನ್ನನ್ನೂ ಬದಲಿ ಕೊಡಲು ಹೇಳದೇ ಬಿಟ್ಟದ್ದು ಅವನ ಸೌಜನ್ಯ.

ಈ ನಡುವೆ ಪ್ರತಿ ರವಿವಾರ ಅವ್ವ ತನ್ನ ಮಾತು ಹೇಳುತ್ತಲೇ ಇದ್ದಳು. ಒಮ್ಮೆ ಮನೆಗೆ ಮುಟ್ಟಿ ಅವಳನ್ನು ಇಳಿಸಿದ ಮೇಲೆ, ತಾಳ್ಮೆ ಕೆಟ್ಟು, ಹಾಳೆಯ ಮೇಲೆ ‘ಸಪ್ಪಳಾ?’ ಎಂದು ದೊಡ್ಡದಾಗಿ ಬರೆದು ಅವಳ ಮುಖಕ್ಕೆ ಹಿಡಿದೆ.

‘ಸಪ್ಪಳ ಅಲ್ಲೋ,’ ಎಂದಳು. ‘ಸಪ್ಪಳ ನನಗೆಲ್ಲಿ ಕೇಳಬೇಕು. ಪೆಟ್ಟು. ಎಡಗಾಲಿಗೆ ಬಡೀತದ.’

ಪಕ್ಕದ ಮನೆಯವರು ಆಗ ಅಲ್ಲೇ ಇದ್ದರು. ‘ಅವ್ವಾರಿಗೆ ಗುಡುಗು ಕೇಳಸೂದಿಲ್ಲ, ಇನ್ನ ಗಾಡಿ ಸಪ್ಪಳ ಏನು ಕೇಳಸ್ತದರಿ,’ ಎಂದು ನಕ್ಕರು. ನಾನೂ ನಕ್ಕೆ. ಕಿವಿ ಕೇಳದವರು ನಗುವನ್ನು ನಮಗಿಂತ ಚೆನ್ನಾಗಿ ನೋಡುತ್ತಾರೆ. ಅವ್ವ ಇಬ್ಬರನ್ನೂ ನೋಡಿ ಒಳಗೆ ಹೋದಳು.

ಮುಂದಿನ ರವಿವಾರ ಇಳಕಲ್ ಸೀರೆ ಉಟ್ಟು, ಅಕ್ಕನಿಗೆಂದು ಮಾಡಿದ ಅಂಟಿನುಂಡಿ ಡಬ್ಬಿ ಹಿಡಿದುಕೊಂಡು ಗೇಟಿನ ತನಕ ಬಂದಳು. ಬಾಗಿಲು ತೆಗೆದು ಹಿಡಿದೆ. ಅವಳು ಹತ್ತಲಿಲ್ಲ.

‘ಈ ಗಾಡ್ಯಾಗ ನಾ ಕೂಡೂದಿಲ್ಲ. ಮೊದಲ ಮಾಡಿಸಿಕೊಂಡು ಬಾ.’

ಸರ್ವೀಸ್ ಸೆಂಟರಿನ ಹಾಳೆ ಡ್ಯಾಶ್‌ಬೋರ್ಡಿನಲ್ಲೇ ಇತ್ತು. ತೆಗೆದು ಕೊಟ್ಟೆ. ಕನ್ಯಾ ಸಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿದವಳು, ಚಾಳೀಸು ಹಾಕಿಕೊಂಡು ಮೇಲಿನಿಂದ ಕೆಳಗಿನ ತನಕ ಓದಿದಳು. ಓದಿ, ಮಡಿಚಿ, ತಿರುಗಿ ನನ್ನ ಕೈಗೆ ಕೊಟ್ಟಳು.

‘ಇವರು ನನ್ನ ಜಾಗಾದಾಗ ಕೂತು ನೋಡಿದ್ರೇನು?’

ಉತ್ತರ ಇಲ್ಲದಾಗ ಗಂಡಸರಿಗೆ ಬರುವ ಸಿಟ್ಟು ಬಂತು. ಬೇಡವಾದರೆ ಬಿಡು ಎಂದು ಕೈ ಬೀಸಿ ಬಾಗಿಲು ಹಾಕಿದೆ. ಬಾಡಿಗೆ ಕಾರು ಕರೆಸಬಹುದಿತ್ತು. ಕರೆಸಿದರೆ ನನ್ನ ಕಾರಿನಲ್ಲಿ ದೋಷ ಇದೆ ಎಂದು ಒಪ್ಪಿದಂತೆ, ದೋಷ ಇದೆ ಎಂದರೆ ನನ್ನ ಕಿವಿ ಸೋತಂತೆ. ಹಾಗಾಗಿ ಕರೆಸಲಿಲ್ಲ. ಆ ರವಿವಾರ ಹೋಯಿತು, ಅದರ ಮುಂದಿನದೂ ಹೋಯಿತು. ಮೂರನೆಯ ರವಿವಾರವೂ ಅವ್ವ ಸೀರೆ ಉಟ್ಟು, ಡಬ್ಬಿ ಹಿಡಿದು, ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂತು, ಎದ್ದು ಹೋಗಿ ಸೀರೆ ಬದಲಿಸಿದಳು. ನಾನು ಪೇಪರು ಓದುತ್ತಿದ್ದೆ. ಓದುತ್ತಿರಲಿಲ್ಲ, ಹಿಡಿದಿದ್ದೆ.

ಮರುದಿನ ದೊಡ್ಡವ್ವನ ಮಗ ಫೋನು ಮಾಡಿದ. ಅವಳು ಬಾಗಿಲ ಕಡೆಯೇ ಮುಖ ಮಾಡಿ ಮಲಗುತ್ತಾಳೆ, ಗಂಜಿಯನ್ನೂ ಅರ್ಧಕ್ಕೆ ಬಿಡುತ್ತಾಳೆ ಎಂದ. ‘ಚಿಗವ್ವಗ ಆರಾಮಿಲ್ಲೇನು?’ ಎಂದು ಕೇಳಿದ. ಆರಾಮಿದ್ದಾಳೆ ಎಂದು ಹೇಳುವಾಗ ನನ್ನ ಮೇಲೆ ನನಗೇ ಹೇಸಿಕೆ ಬಂತು.

ಕೆಲಗೇರಿ ರಸ್ತೆಯಲ್ಲಿ ತಗಡಿನ ಶೆಡ್ಡಿನ ಒಬ್ಬ ಮಿಸ್ತ್ರಿ ಇದ್ದಾನೆ. ಒಬ್ಬನೇ ಕೆಲಸ ಮಾಡುತ್ತಾನೆ, ಮಾತು ಕಡಿಮೆ. ಅವತ್ತೇ ಅವನಲ್ಲಿಗೆ ಹೋದೆ. ಅಭ್ಯಾಸದಂತೆ ಟಕ್ ಎಂದೆ, ನಾ ಎಂದೆ, ಕೆಲವರು ಘೆ ಅನ್ನುತ್ತಾರೆ ಎಂದೂ ಸೇರಿಸಿದೆ. ಅವನು ಕೈ ಒರೆಸಿಕೊಳ್ಳುತ್ತ ನನ್ನ ಬಾಯಿತಬಲಾದ ಕಛೇರಿ ಮುಗಿಯಲಿ ಎಂದು ಕಾದ.

‘ಮೊದಲ ಯಾರು ಹೇಳಿದ್ರಿ ಸರ?’

‘ನಮ್ಮವ್ವ. ಆದ್ರ ಅಕಿಗೆ ಕಿವಿ ಕೇಳಸೂದಿಲ್ಲ.’

‘ಎಲ್ಲಿ ಕೂಡತಾರ?’

‘ಮುಂದ, ಎಡಕ್ಕ.’

‘ನಡೀರಿ, ಅವರನ್ನ ಕೇಳೂಣು,’ ಎಂದು ಅವನು ಕಾರಿನ ಕಡೆ ನಡೆದ.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಮಿಸ್ತ್ರಿ ಏನನ್ನೂ ಕೇಳಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಅವಳ ಎಡಗಾಲಿನ ಚಪ್ಪಲಿಯ ಅಂಚಿಗೆ ಬೆರಳಿನಿಂದ ಒಂದು ಸಲ ಬಡಿದು, ಮುಖ ನೋಡಿದ. ಅವ್ವನ ಮುಖ ಅರಳಿತು.

‘ಹಾಂ, ಹಿಂಗ,’ ಎಂದಳು. ‘ತೆಗ್ಗಿನ್ಯಾಗ ಇಳಿಯುವಾಗ ಒಂದು, ಏರುವಾಗ ಒಂದು. ಬಲಕ್ಕ ಹೊಳ್ಳುವಾಗ ಭಾಳ.’

ಇಷ್ಟನ್ನು ಅವಳು ಮೊದಲೇ ಹೇಳಬಹುದಿತ್ತು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳು.

ಅವನು ನಡೆಸಿದರೆ ಕೂಡುತ್ತೇನೆ ಎಂದಳು. ಅವನು ಸ್ಟೇರಿಂಗ್ ಹಿಡಿದ, ಅವಳು ತನ್ನ ಜಾಗದಲ್ಲಿ ಕೂತಳು, ನನ್ನನ್ನು ಹಿಂದಿನ ಸೀಟಿಗೆ ಹಾಕಿದರು. ಕೆಲಗೇರಿಯ ತನಕ ಆಳು ನಡೆದಷ್ಟು ಮೆಲ್ಲಗೆ ಹೋದ. ಪೆಟ್ಟು ಬಿದ್ದಾಗೊಮ್ಮೆ ಅವ್ವ ಬೆರಳು ಎತ್ತುತ್ತಿದ್ದಳು. ಅವಳು ಬೆರಳು ಎತ್ತಿದ ಅರ್ಧದಷ್ಟು ಸಲ ನನ್ನ ಹೆಸರುವಾಸಿ ಕಿವಿಗೆ ಏನೂ ಕೇಳಿಸಲಿಲ್ಲ.

ಶೆಡ್ಡಿನಲ್ಲಿ ಅವ್ವನಿಗೆ ಕುರ್ಚಿ ಹಾಕಿ, ಮುಂದಿನ ಎಡಗಾಲಿಯನ್ನು ಜ್ಯಾಕಿನಿಂದ ಎತ್ತಿದ. ಗಾಲಿ ಬಿಚ್ಚಿ, ಗಾಲಿಯನ್ನು ಹಿಡಿದಿಡುವ ಕಬ್ಬಿಣದ ತೋಳನ್ನು ತೋರಿಸಿದ. ಅದಕ್ಕೆ ಲೋವರ್ ಆರ್ಮ್ ಎನ್ನುತ್ತಾರೆ. ಅದರ ತುದಿಯಲ್ಲಿ ಒಂದು ಗುಂಡು, ಗುಂಡಿನ ಮೇಲೆ ಹರಿದ ರಬ್ಬರಿನ ಟೊಪ್ಪಿಗೆ.

‘ಬಗ್ಗರಿ ಸರ. ಇಲ್ಲಿ ಕೈ ಇಡ್ರಿ,’ ಎಂದ.

ಮೂರು ತಿಂಗಳಲ್ಲಿ ಮೊದಲ ಸಲ ನಾನು ಬಗ್ಗಿದೆ. ಅವನು ಟಾಮಿ ಎಂಬ ಉದ್ದನೆಯ ಕಬ್ಬಿಣದ ಸಲಾಕೆ ಹಾಕಿ ತೋಳನ್ನು ಮೀಟಿದ. ಅಂಗೈಗೆ ಬಡಿಯಿತು. ಅದು ಟಕ್ ಅಲ್ಲ, ನಾ ಅಲ್ಲ, ಘೆ ಅಲ್ಲ. ಪೆಟ್ಟು. ಇದಕ್ಕೆ ಬೇರೆ ಶಬ್ದವೇ ಕನ್ನಡದಲ್ಲಿ ಇಲ್ಲ. ಅವ್ವ ಮೊದಲನೆಯ ದಿನವೇ ಸರಿಯಾದ ಶಬ್ದ ಕೊಟ್ಟಿದ್ದಳು, ನಾವು ಅದನ್ನು ತಿದ್ದಿ ಸಪ್ಪಳ ಮಾಡಿಕೊಂಡಿದ್ದೆವು.

‘ಸಪ್ಪಳ ಬಾಡಿ ತುಂಬ ಓಡ್ಯಾಡತೈತ್ರಿ,’ ಎಂದ ಮಿಸ್ತ್ರಿ. ‘ಇಲ್ಲಿ ಹುಟ್ಟಿದ್ದು ಹಿಂದ ಕೇಳತೈತಿ. ಕಿವೀಲೆ ಹುಡುಕಾಕ ಹೋದ್ರ ಸಿಗಂಗಿಲ್ಲ, ಕೈ ಇಟ್ಟು ನೋಡಬೇಕು. ಮತ್ತ ಒಬ್ಬರ ಓಡಿಸಿದ್ರ ಈ ಕಡೆ ಭಾರ ಬೀಳಂಗಿಲ್ಲ. ಅವ್ವಾರು ಕೂತಾಗ ಬೀಳತೈತಿ.’

‘ಹಿಂಗ ಓಡಿಸಿದ್ರ?’

ಅವನು ಗುಂಡನ್ನು ಎರಡು ಬೆರಳಲ್ಲಿ ಅಲ್ಲಾಡಿಸಿದ. ‘ಇನ್ನೊಂದು ದೊಡ್ಡ ತೆಗ್ಗು ಸಿಕ್ಕಿದ್ರ ಇದು ಹೊರಗ ಬರತಿತ್ತು. ಗಾಲಿ ಅಲ್ಲೇ ಮಲಗತಿತ್ತು.’

ಹುಬ್ಬಳ್ಳಿಯ ದಾರಿಯಲ್ಲಿ ಲಾರಿಗಳ ನಡುವೆ ನಾನು ಓಡಿಸುತ್ತಿದ್ದ ವೇಗ ನೆನಪಾಯಿತು. ಆ ಗಾಲಿಯ ಹತ್ತಿರ ಕಾಲು ಊರಿ ಕೂಡುತ್ತಿದ್ದವಳು ಆಚೆ ಕುರ್ಚಿಯಲ್ಲಿ ಕೂತು ಕೆರೆಯ ಕಡೆ ನೋಡುತ್ತಿದ್ದಳು. ಸಂಜೆಯೊಳಗೆ ಮಿಸ್ತ್ರಿ ಹೊಸ ತೋಳು ಹಾಕಿದ. ಸುದ್ದಿ ಕೇಳಿ ಪಕ್ಕದ ಮನೆಯವರು, ತಾವು ಹೇಳಿದ ಶಾಕಬ್ಸರಿನ ಹತ್ತಿರವೇ ಇತ್ತಲ್ಲ, ಎಂದರು. ಅವರದು ಹಿಂದಿನದು, ಇದು ಮುಂದಿನದು ಎಂದು ತಿಳಿಸುವ ಉತ್ಸಾಹ ನನಗಿರಲಿಲ್ಲ.

ರವಿವಾರ ಅವ್ವ ಹತ್ತಿ ಕೂತಳು. ದಾರಿಯುದ್ದಕ್ಕೂ ನಾನು ಸಪ್ಪಳ ಕೇಳಲಿಲ್ಲ, ಹಂಪ್ ಬಂದಾಗೊಮ್ಮೆ ಅವಳ ಬೆರಳು ನೋಡಿದೆ. ಬೆರಳು ಡಬ್ಬಿಯ ಮೇಲೆ ಸುಮ್ಮನೆ ಇತ್ತು.

ವಿದ್ಯಾನಗರದಲ್ಲಿ ದೊಡ್ಡವ್ವ ಸಣ್ಣಗಾಗಿದ್ದಳು. ಅವ್ವನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ತುಟಿ ಅಲುಗಿತು. ನಾನು ಬಗ್ಗಿ ಕೇಳಿದೆ. ಕೇಳಿ, ಕ್ಯಾಲೆಂಡರಿನ ಹಾಳೆಯ ಮೇಲೆ ನನ್ನ ಕೈಯಿಂದಲೇ ಬರೆಯಬೇಕಾಯಿತು: ಮೂರು ವಾರ ಯಾಕ ಬರಲಿಲ್ಲ ಅಂತ ಕೇಳ್ತಾಳ.

ಅವ್ವ ಓದಿದಳು. ನನ್ನನ್ನು ಒಂದು ಸಲ ನೋಡಿ, ಅಕ್ಕನ ಕಡೆ ತಿರುಗಿದಳು.

‘ಏನಿಲ್ಲಕ್ಕಾ,’ ಎಂದಳು. ‘ಇವಗ ಈಗೀಗ ಕಿವಿ ಸ್ವಲ್ಪ ಕೇಳಸೂದಿಲ್ಲ.’

ದೊಡ್ಡವ್ವ ನನ್ನನ್ನು ಮರುಕದಿಂದ ನೋಡಿದಳು. ಎದೆಯಲ್ಲಿ ಉಳಿದಿದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ, ನನಗೆ ಕೇಳಲಿ ಎಂದು ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದಳು: ‘ಡಾಕ್ಟರಿಗೆ ತೋರಿಸಿದಿ ಏನೋ?’

ತೋರಿಸೇನಿ ದೊಡ್ಡವ್ವ, ಎಂದೆ.