ಎದುರು ಮನೆಯ ಅಂಕಲ್ ಕೇಳಿದ ಪಾಲು

ಮೊನ್ನೆ ಕಾರು ತೊಳೆಯುವಾಗ ಪಕ್ಕದ ಸೀಟಿನ ಸಂದಿಯಲ್ಲಿ ಎರಡು ಲವಂಗ ಸಿಕ್ಕವು. ಮೂಗಿಗೆ ಹಿಡಿದರೆ ಘಾಟು ಇನ್ನೂ ಹೋಗಿರಲಿಲ್ಲ. ಎದುರು ಮನೆಯ ಅಂಕಲ್ ಜೇಬಿನಲ್ಲಿ ಸದಾ ಲವಂಗ ಇರುತ್ತಿತ್ತು...

ಅವರು ಕೊನೆಯ ಸಲ ಆ ಸೀಟಿನಲ್ಲಿ ಕೂತ ದಿನ ಬೇರೆ ದಿನಗಳಂತೆಯೇ ಇತ್ತು. ಕಣ್ಣು ಮಂದವಾಗಿ ಅವರು ಡ್ರೈವಿಂಗ್ ಬಿಟ್ಟಿದ್ದರು. ಅಮೆರಿಕದ ನಮ್ಮ ಈ ಕಮ್ಮಿಂಗ್ ಊರಿನಲ್ಲಿ ಕಾರು ಓಡಿಸದವರು ಹಾಲಿಗೂ ಇನ್ನೊಬ್ಬರನ್ನು ಕೇಳಬೇಕು. ಚುನಾವಣೆಯ ದಿನಕ್ಕೆ ಮೊದಲೇ ವೋಟು ಹಾಕುವ ಮುಂಗಡ ಮತದಾನಕ್ಕೆ ನಾನೇ ಕರೆದುಕೊಂಡು ಹೋದೆ. ನಾನು ವೀಸಾದ ಮೇಲಿರುವವಳು, ಹೊರಗೆ ಕಾದೆ. ಇಸ್ತ್ರಿ ಮಾಡಿದ ಅಂಗಿಯ ಮೇಲೆ, ವೋಟು ಹಾಕಿದವರಿಗೆ ಕೊಡುವ ಪೀಚ್ ಹಣ್ಣಿನ ಸ್ಟಿಕ್ಕರ್ ಅಂಟಿಸಿಕೊಂಡು ಬಂದರು.

“ಈ ಸಲನಾದ್ರೂ ನಿಮ್ಮೋರು ಗೆಲ್ತಾರಾ, ಅಂಕಲ್?” ಎಂದೆ.

“ಈ ಕೌಂಟೀಲಾ? ನಿಂಗೆ ವೋಟಿಲ್ಲ, ನಂಗೆ ವೋಟಿದ್ದೂ ಇಲ್ಲ. ನಡಿಯಮ್ಮ, ಕಾಫಿ ಕುಡಿಯೋಣ.”

ಆ ಮಾತಿನಲ್ಲಿ ಕಹಿ ಇರಲಿಲ್ಲ. ಊರಿನಲ್ಲಿ ಮೂರರಲ್ಲೊಂದು ಪಾಲು ಜನ ಒಂದು ಕಡೆ ಇದ್ದರೆ, ಮೂರರಲ್ಲೊಂದು ಪಾಲು ಸ್ಥಾನ ಅವರದಾಗಬೇಕು ಎನ್ನುವುದು ಅವರ ನಂಬಿಕೆ. ಜಿಲ್ಲೆಯಂಥ ಈ ಕೌಂಟಿಯಾಗಲಿ, ವಾಷಿಂಗ್ಟನ್ ಆಗಲಿ, ಪ್ರತಿ ಕ್ಷೇತ್ರದಲ್ಲೂ ಹೆಚ್ಚು ವೋಟಿನವನೊಬ್ಬನೇ ಗೆಲ್ಲುವ ಪದ್ಧತಿಯಲ್ಲಿ ಆ ಜನ ಎಷ್ಟು ವರ್ಷ ಸಾಲಿನಲ್ಲಿ ನಿಂತರೂ ಅವರ ಪರ ಮಾತಾಡುವವರು ಒಬ್ಬರೂ ಸಿಗದೆ ಹೋಗಬಹುದು. ಸೋತವರು ಸೋಲು ಒಪ್ಪಬೇಕು, ಸರಿ. ಆದರೆ ಅವರು ಊರಿನಲ್ಲೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಸರಿಯೇ ಎಂದು ಕೇಳುತ್ತಿದ್ದರು.

ದೇಶವನ್ನು ತಿದ್ದುವುದು ತಮ್ಮ ಕೈಯಲ್ಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ನಮ್ಮ ಕನ್ನಡ ಕೂಟದಿಂದ ಶುರು ಮಾಡಿದರು. ಅಲ್ಲಿಯೂ ಗೆದ್ದ ಪ್ಯಾನೆಲ್‌ಗೇ ಕಮಿಟಿಯ ಏಳೂ ಸ್ಥಾನ. ಪ್ರತಿ ಸಲ ಗೆಲ್ಲುತ್ತಿದ್ದುದು ಸಣ್ಣ ಮಕ್ಕಳಿರುವ ಸಂಸಾರಗಳ ಗುಂಪು. ಶನಿವಾರ ಮಧ್ಯಾಹ್ನವೆಲ್ಲ ಮಕ್ಕಳ ಸಾಕರ್, ಈಜು. ಹಾಗಾಗಿ ಕಾರ್ಯಕ್ರಮಗಳು ಸಂಜೆಗೇ. ಕತ್ತಲಲ್ಲಿ ಕಾರು ಓಡಿಸಲಾಗದ ಹಿರಿಯರು ಮನೆಯಲ್ಲೇ ಉಳಿಯುತ್ತಿದ್ದರು. ಆಂಟಿ ತೀರಿಕೊಂಡ ಮೇಲೆ ಅಂಕಲ್‌ಗೆ ನಾಲ್ಕು ಜನರ ನಡುವೆ ಕನ್ನಡ ಮಾತಾಡಲು ಇದ್ದ ಜಾಗ ಆ ಕೂಟವೊಂದೇ.

ಕೂಟದ ಸರ್ವಸದಸ್ಯರ ಸಭೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದ ಪಾಟ್‌ಲಕ್ ಊಟವಾದ ಮೇಲೆ, ಅವರು ಎದ್ದು ನಿಂತರು. ವೋಟು ಬಿದ್ದ ಪ್ರಮಾಣದಲ್ಲೇ ಸ್ಥಾನ ಹಂಚಿ ಎಂದರು.

“ಎಲ್ಲಾ ಥರದೋರೂ ಬಂದ್ರೆ ಕಮಿಟೀಲಿ ಬರೀ ಜಗಳ, ಅಂಕಲ್,” ಎಂದರು ಅಧ್ಯಕ್ಷರು.

“ಈಗ ಇಲ್ವೇನಪ್ಪಾ ಜಗಳ? ಪಾರ್ಕಿಂಗ್ ಲಾಟಲ್ಲಿ ದಿನಾ ನಡೀತಿದೆ. ಒಳಗೆ ತಗೊಂಡ್ ಬನ್ನಿ ಅಂತಿದೀನಿ, ಎಸಿನಾದ್ರೂ ಇದೆ.”

ಎಲ್ಲರೂ ನಕ್ಕರು. ಆಮೇಲೆ ಯಾರೂ ವಿರೋಧಿಸಲಿಲ್ಲ, ಒಪ್ಪಲೂ ಇಲ್ಲ. ಹಿರಿಯರಿಗೆ ಮುಖದ ಮೇಲೆ ಇಲ್ಲವೆನ್ನಲು ನಮ್ಮವರಿಗೆ ಸಂಕೋಚ. ಹಾಗಾಗಿ ಮುಂದಿನ ರಾಜ್ಯೋತ್ಸವದಲ್ಲಿ ಅವರಿಗೆ ಸನ್ಮಾನವಾಯಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಸುಳ್ಳಿಲ್ಲ. ಮನೆಗೆ ಹಿಂದಿರುಗುವಾಗ ಅವರು ಶಾಲಿನ ಅಂಚು ಮುಟ್ಟಿ ನೋಡುತ್ತಿದ್ದರು.

“ಚೆನ್ನಾಗಿದೆ. ಸೀಟು ಕೇಳ್ದೆ, ಶಾಲು ಹೊದಿಸಿದ್ರು ನೋಡಮ್ಮ,” ಎಂದು ನಕ್ಕರು. ಆಮೇಲೆ ಶಾಲನ್ನು ಮಡಚಿ ಹಣ್ಣಿನ ಬುಟ್ಟಿಯ ಮೇಲಿಟ್ಟರು...

ಮುಂದಿನ ವರ್ಷ, ಪೀಚ್ ಸ್ಟಿಕ್ಕರ್ ಅಂಟಿಸಿಕೊಂಡು ಆ ಮತದಾನದಿಂದ ಬಂದ ವಾರವೇ, ಫಲಿತಾಂಶ ಬರುವ ಮುಂಚೆ, ನಿದ್ದೆಯಲ್ಲಿ ಹೋಗಿಬಿಟ್ಟರು. ಫಲಿತಾಂಶದ ರಾತ್ರಿ ನೋಡಿದರೆ, ಅವರ ಕಡೆಯವರು ಸೋತಿದ್ದರು. ಟಿವಿ ಆರಿಸಿ ಕಿಟಕಿಯಿಂದ ನೋಡಿದೆ. ಎದುರು ಮನೆಯಲ್ಲಿ ದೀಪ ಇರಲಿಲ್ಲ.

ಕೂಟದ ಈ ವರ್ಷದ ಸಭೆಯಲ್ಲಿ, ವೋಟಿನ ಪ್ರಮಾಣದಲ್ಲಿ ಸ್ಥಾನ ಹಂಚುವ ಅದೇ ತಿದ್ದುಪಡಿಯನ್ನು ನಾನು ಮಂಡಿಸಿದೆ. ಇದನ್ನು ಮುಂದಿನ ವರ್ಷ ನೋಡೋಣ, ಈಗ ಅಂಕಲ್ ಹೆಸರಿನಲ್ಲಿ ಪ್ರತಿ ವರ್ಷ ಒಂದು ಉಪನ್ಯಾಸ ಇಡೋಣ ಎಂದು ಯಾರೋ ಹೇಳಿದರು. ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೊದಲ ಉಪನ್ಯಾಸ ಶನಿವಾರ ಸಂಜೆ ಏಳಕ್ಕೆ ನಡೆಯಿತು. ಅವರ ವಯಸ್ಸಿನವರು ಒಬ್ಬರೂ ಬಂದಿರಲಿಲ್ಲ. ಸಮಿತಿಯಲ್ಲಿಯೂ ಹಿರಿಯರ ಪರ ಮಾತಾಡುವವರು ಇನ್ನೂ ಒಬ್ಬರೂ ಇಲ್ಲ.